ಛಾಯಾಗ್ರಹಣ ಪ್ರಶ್ನೋತ್ತರ: ಪೇರಿಸಿದ ಕಲ್ಲಿನ ಶಿಲ್ಪಗಳು

ಬಯಲಲ್ಲಿ, ಹೊಳೆದಂಡೆಯಲ್ಲಿ, ಕಡಲ ತೀರದಲ್ಲಿ ಗಾರೆ, ಅಂಟು ಏನೂ ಇಲ್ಲದೆ ಬರೀ ತೂಕದ ಮೇಲೆ ನಿಲ್ಲಿಸಿದ ಕಲ್ಲಿನ ಶಿಲ್ಪಗಳ ಫೋಟೊ ತೆಗೆಯುವುದರ ಬಗ್ಗೆ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಇಂಥ ಶಿಲ್ಪದ ಜೀವ ಇರುವುದು ಕಲ್ಲು ಕಲ್ಲಿನ ಮೇಲೆ ಕೂತ ಸಂದಿನಲ್ಲಿ. ಬೆಳಕು, ಲೆನ್ಸ್, ಕೋನ ಯಾವುದನ್ನೇ ಆರಿಸುವಾಗಲೂ ಆ ಸಂದು ನೋಡುಗರಿಗೆ ಕಾಣುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ಎದುರು ನಿಂತು ನೋಡಿದಾಗ ಶಿಲ್ಪ ಎದ್ದು ಕಾಣುತ್ತದೆ. ಫೋಟೊದಲ್ಲಿ ಮಾತ್ರ ಹಿಂದಿನ ಕಲ್ಲುಗಳ ನಡುವೆ ಕಳೆದುಹೋಗುತ್ತದೆ. ಏಕೆ?

ನಿಂತುಕೊಂಡು ತೆಗೆಯುತ್ತಿದ್ದೀರಿ, ಅದಕ್ಕೆ. ನಮ್ಮ ಎರಡು ಕಣ್ಣುಗಳು ದೂರ–ಹತ್ತಿರವನ್ನು ಬೇರ್ಪಡಿಸಿಕೊಡುತ್ತವೆ. ಲೆನ್ಸಿಗೆ ಇರುವುದು ಒಂದೇ ಕಣ್ಣು. ಬೂದು ಕಲ್ಲಿನ ಹಿಂದೆ ಬೂದು ಕಲ್ಲೇ ಇದ್ದರೆ ಎರಡೂ ಅಲ್ಲಿ ಒಂದಾಗಿಬಿಡುತ್ತವೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಸಮತಟ್ಟು ನೆಲದಲ್ಲಿ ಅಥವಾ ಕಡಲೆದುರು, ದಿಗಂತದ ಗೆರೆ ಶಿಲ್ಪವನ್ನು ಹಾಯುವುದು ಸರಿಯಾಗಿ ನಿಮ್ಮ ಲೆನ್ಸ್ ಇರುವ ಎತ್ತರದಲ್ಲಿ. ಶಿಲ್ಪ 90 ಸೆಂ.ಮೀ. ಎತ್ತರ, ಲೆನ್ಸ್ 150 ಸೆಂ.ಮೀ. ಎತ್ತರದಲ್ಲಿದ್ದರೆ ದಿಗಂತ ಶಿಲ್ಪದ ತಲೆಗಿಂತ ಮೇಲೆ ಹೋಗುತ್ತದೆ, ಇಡೀ ಶಿಲ್ಪ ನೆಲದ ಹಿನ್ನೆಲೆಯಲ್ಲೇ ಸಿಕ್ಕಿಬೀಳುತ್ತದೆ. ಲೆನ್ಸನ್ನು 30 ಸೆಂ.ಮೀ.ಗೆ ಇಳಿಸಿ: ಕೆಳಗಿನ ಮೂರನೇ ಒಂದು ಭಾಗ ನೆಲಕ್ಕೆ ಅಂಟಿಕೊಂಡು, ಮೇಲಿನ 60 ಸೆಂ.ಮೀ. ಬರೀ ಆಕಾಶದಲ್ಲಿ ನಿಲ್ಲುತ್ತದೆ. ಹತ್ತಿರ ಹೋದರೂ ದೂರ ಸರಿದರೂ ಈ ಲೆಕ್ಕ ಬದಲಾಗುವುದಿಲ್ಲ, ಎತ್ತರ ಮಾತ್ರ ಮುಖ್ಯ. ಶಿಲ್ಪ ಬಂಡೆಯ ಮೇಲೆ ಕೂತಿದ್ದರೆ ಬಂಡೆಯ ಎತ್ತರವನ್ನೂ ಸೇರಿಸಿ ಎಣಿಸಿ.

ಹಿಂದೆ ಗುಡ್ಡದ ಸಾಲಿದ್ದರೆ ವಿಷಯ ಬೇರೆ. ಅಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ಗುಡ್ಡದ ನೆತ್ತಿ ಲೆನ್ಸಿನ ಮಟ್ಟದಿಂದ 5 ಡಿಗ್ರಿ ಮೇಲಿದೆ ಎನ್ನಿ. ನೀವು ಶಿಲ್ಪದಿಂದ 3 ಮೀಟರ್ ದೂರದಲ್ಲಿದ್ದರೆ ಆ ನೆತ್ತಿಯ ಗೆರೆ ಲೆನ್ಸ್ ಮಟ್ಟಕ್ಕಿಂತ ಸುಮಾರು 26 ಸೆಂ.ಮೀ. ಮೇಲೆ ಶಿಲ್ಪವನ್ನು ಹಾಯುತ್ತದೆ. ಒಂದೂವರೆ ಮೀಟರಿಗೆ ಬಂದರೆ 13 ಸೆಂ.ಮೀ. ಅಂದರೆ ಗುಡ್ಡದ ಗೆರೆ ತಗ್ಗಬೇಕಾದರೆ ಹತ್ತಿರ ಹೋಗಿ, ಇನ್ನೂ ಬಗ್ಗಿ.

ಆ ಗೆರೆ ಎಲ್ಲಿ ಹಾಯಬೇಕು ಎಂಬುದಕ್ಕೂ ಒಂದು ಕಟ್ಟುನಿಟ್ಟು ಇದೆ. ಎರಡು ಕಲ್ಲು ಕೂಡುವ ಸಂದಿನ ಮೇಲೆ ಮಾತ್ರ ಅದು ಬರಕೂಡದು. ಬಂದರೆ ಸಂದು ಮತ್ತು ದಿಗಂತ ಬೆರೆತು, ಮೇಲಿನ ಕಲ್ಲು ದಿಗಂತದ ಮೇಲೆ ಇಟ್ಟಂತೆ ಕಾಣುತ್ತದೆ, ಕೆಳಗಿನದು ನೆಲದ ಪಾಲಾಗುತ್ತದೆ. ಕಲ್ಲಿನ ಹೊಟ್ಟೆಯ ಮೇಲೆ ಹಾಯಲಿ. ಅದಕ್ಕೆ ಲೆನ್ಸನ್ನು ನಾಲ್ಕೈದು ಸೆಂ.ಮೀ. ಏರಿಸಿಯೋ ಇಳಿಸಿಯೋ ನೋಡಿದರೆ ಸಾಕು. ನಡುಕಂಬ ಇಲ್ಲದ, ಕಾಲುಗಳನ್ನು ಪೂರ್ತಿ ಅಗಲಿಸಬಹುದಾದ ಟ್ರೈಪಾಡ್ ಈ ಕೆಲಸಕ್ಕೆ ಒಳ್ಳೆಯದು. ಇಲ್ಲದಿದ್ದರೆ ಮರಳು ತುಂಬಿದ ಬಟ್ಟೆಚೀಲದ ಮೇಲೆ ಕ್ಯಾಮೆರಾ ಕೂರಿಸಿ.

ಪ್ರಶ್ನೆ: ಹಿಂದಿನ ಬೆಟ್ಟ ಕಣ್ಣಿಗೆ ಭವ್ಯವಾಗಿರುತ್ತದೆ, ಚಿತ್ರದಲ್ಲಿ ದಿಬ್ಬದಂತೆ ಕುಗ್ಗುತ್ತದೆ. ಯಾವ ಲೆನ್ಸ್ ಬಳಸಲಿ?

ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಲೆನ್ಸ್ ತಾನಾಗಿ ಗೊತ್ತಾಗುತ್ತದೆ. 80 ಸೆಂ.ಮೀ. ಶಿಲ್ಪವನ್ನು 24 ಮಿ.ಮೀ.ನ ಅಗಲ ಕೋನದ ಲೆನ್ಸಿನಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಎಷ್ಟು ದೊಡ್ಡದಾಗಿ ಬರುತ್ತದೋ, 100 ಮಿ.ಮೀ. ಲೆನ್ಸಿನಲ್ಲಿ ಸುಮಾರು 4 ಮೀಟರ್ ದೂರದಿಂದಲೂ ಅಷ್ಟೇ ದೊಡ್ಡದಾಗಿ ಬರುತ್ತದೆ. ಶಿಲ್ಪದ ಗಾತ್ರ ಅದೇ, ಬೆಟ್ಟ ಮಾತ್ರ ನಾಲ್ಕು ಪಟ್ಟು ದೊಡ್ಡದು. ಬೆಟ್ಟ ಬೇಕೆಂದರೆ ಹಿಂದೆ ಸರಿಯಿರಿ. ಆದರೆ ಆಗ ಮೇಲೆ ಹೇಳಿದ ಗೆರೆಯೂ ಏರುತ್ತದೆ. ಶಿಲ್ಪದ ತಲೆ ಬೆಟ್ಟದ ಮೈಯಲ್ಲಿ ಹುಗಿದುಹೋಗದಂತೆ ನೋಡಿಕೊಳ್ಳಿ. ಬೆಟ್ಟ ಮಂಜಿನಿಂದ ತಿಳಿಯಾಗಿ, ಶಿಲ್ಪ ಗಾಢವಾಗಿ ಇದ್ದರೆ ಮಾತ್ರ ಹುಗಿದರೂ ಪರವಾಗಿಲ್ಲ. ಬಣ್ಣದ ಗಾಢತೆಯೇ ಅಲ್ಲಿ ಎರಡನ್ನೂ ಬೇರ್ಪಡಿಸುತ್ತದೆ.

ಇನ್ನೊಂದು ಮಾತು. ಬರೀ ಕಲ್ಲು, ಬರೀ ಆಕಾಶ ಇರುವ ಚಿತ್ರದಲ್ಲಿ ಅಳತೆ ತಿಳಿಯುವುದಿಲ್ಲ. ಗೇಣುದ್ದದ ಶಿಲ್ಪವೋ ಆಳೆತ್ತರದ್ದೋ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಬುಡದಲ್ಲಿ ಒಂದಿಷ್ಟು ಹುಲ್ಲು, ಚಿಪ್ಪು, ಉದುರಿದ ಎಲೆ ಚೌಕಟ್ಟಿನೊಳಗೆ ಉಳಿಯಲಿ.

ಪ್ರಶ್ನೆ: ಶಿಲ್ಪ ನೆಟ್ಟಗೆ ನಿಂತಿತ್ತು, ಫೋಟೊದಲ್ಲಿ ಹಿಂದಕ್ಕೆ ವಾಲಿದೆ. ಸಾಫ್ಟ್‌ವೇರಿನಲ್ಲಿ ಸರಿಪಡಿಸಬಹುದೇ?

ಸರಿಪಡಿಸಬಹುದು, ಆದರೆ ಮೊದಲು ಅದು ನಿಜವಾಗಿಯೂ ನೆಟ್ಟಗಿತ್ತೇ ಎಂದು ಖಾತ್ರಿಯಾಗಬೇಕು. ಪ್ರತಿ ಸಂದಿನ ಮೇಲಿರುವ ಒಟ್ಟು ತೂಕದ ಕೇಂದ್ರ ಆ ಸಂದಿನ ಆಧಾರದ ಮೇಲೆಯೇ ಬೀಳಬೇಕು, ಇಲ್ಲದಿದ್ದರೆ ಶಿಲ್ಪ ನಿಲ್ಲದು. ಇಷ್ಟು ಪಾಲಿಸಿಕೊಂಡು ಒಂದು ಕಲ್ಲು ಎಡಕ್ಕೆ ಚಾಚಿ, ಮೇಲಿನದು ಬಲಕ್ಕೆ ಚಾಚಿ ನಿಲ್ಲಬಹುದು. ಆ ವಾಲುವಿಕೆಯೇ ಶಿಲ್ಪಿಯ ಕೈಚಳಕ. ಅದನ್ನು ‘ನೆಟ್ಟಗೆ’ ಮಾಡಿದರೆ ಕೃತಿಯನ್ನೇ ಕೆಡಿಸಿದಂತೆ, ಜೊತೆಗೆ ದಿಗಂತ ವಾಲುತ್ತದೆ. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ ತೂಗುಗುಂಡಿನಂತೆ ಕೈಚಾಚಿ ಹಿಡಿದು, ಕ್ಯಾಮೆರಾ ಇರುವ ಜಾಗದಿಂದಲೇ ಶಿಲ್ಪದ ಪಕ್ಕಕ್ಕೆ ಹೊಂದಿಸಿ ನೋಡಿ. ಎಷ್ಟು ವಾಲಿದೆ ಎಂದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ದಾರವೂ ಸೇರಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ಸಂದೇಹವೇ ಉಳಿಯುವುದಿಲ್ಲ.

ನೀವು ಹೇಳುವ ‘ಹಿಂದಕ್ಕೆ ವಾಲುವುದು’ ಮಾತ್ರ ಬಹುಪಾಲು ಕ್ಯಾಮೆರಾದ್ದು. ಕೆಳಗೆ ಕೂತು ಲೆನ್ಸನ್ನು ಮೇಲಕ್ಕೆ ಎತ್ತಿದ್ದೀರಿ. ಹಾಗಾದಾಗ ಮೇಲಿನ ಕಲ್ಲುಗಳು ಇರುವುದಕ್ಕಿಂತ ಚಿಕ್ಕದಾಗುತ್ತವೆ, ಗೆರೆಗಳು ಒಳಮುಖವಾಗಿ ಕೂಡುತ್ತವೆ. ಅಗಲ ಕೋನದ ಲೆನ್ಸಿನಲ್ಲಿ ಇದು ಹೆಚ್ಚು. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ, ಒಳಗಿನ ರಸಮಟ್ಟದ ಗೆರೆಯನ್ನು ಮುಂದೆ–ಹಿಂದಿನ ದಿಕ್ಕಿನಲ್ಲೂ ಸೊನ್ನೆಗೆ ತನ್ನಿ. ಆಗ ದಿಗಂತ ಚೌಕಟ್ಟಿನ ನಟ್ಟನಡುವೆ ಬರುತ್ತದೆ. ಅದು ನಿಮಗೆ ಬೇಡವೆಂದು ಕ್ಯಾಮೆರಾ ಎತ್ತಬೇಡಿ. ಕೆಳಗಿನ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿ. ಎತ್ತಲೇಬೇಕಾದ ಪ್ರಸಂಗ ಬಂದರೆ ಶಿಲ್ಪದ ಸುತ್ತ ಧಾರಾಳವಾಗಿ ಜಾಗ ಬಿಟ್ಟು ತೆಗೆಯಿರಿ. ಸಾಫ್ಟ್‌ವೇರು ಕೋನ ತಿದ್ದುವಾಗ ಅಂಚುಗಳು ಹೋಗುತ್ತವೆ.

ಕೆರೆದಡದ ಗೆರೆಯನ್ನು ಮಟ್ಟಕ್ಕೆ ಆಧಾರವಾಗಿ ಹಿಡಿಯಬೇಡಿ. ದಡ ಓರೆಯಾಗಿ ದೂರ ಸಾಗುತ್ತಿದ್ದರೆ ಚಿತ್ರದಲ್ಲಿ ಅದು ಓರೆಯಾಗಿಯೇ ಇರಬೇಕು. ನಂಬಬಹುದಾದ ಗೆರೆ ತೆರೆದ ಕಡಲಿನದು ಮಾತ್ರ.

ಪ್ರಶ್ನೆ: ಯಾವ ಹೊತ್ತಿನ ಬೆಳಕು ಒಳ್ಳೆಯದು? ಎದುರುಬೆಳಕಿನಲ್ಲಿ ತೆಗೆದರೆ ಕಪ್ಪು ಕಂಬವಾಗುತ್ತದೆ.

ಸೂರ್ಯ 10–20 ಡಿಗ್ರಿ ಎತ್ತರದಲ್ಲಿದ್ದು ಪಕ್ಕದಿಂದ ಬೀಳುವ ಎಳೆಬಿಸಿಲು, ಇಳಿಬಿಸಿಲು ಕಲ್ಲಿನ ಮೈಯ ಒರಟು, ಹರಳು, ಗೀರುಗಳನ್ನು ಎತ್ತಿ ತೋರಿಸುತ್ತದೆ. ಪ್ರತಿ ಕಲ್ಲಿನ ಕೆಳಗೂ ಒಂದು ನೆರಳಿನ ಪಟ್ಟಿ ಬಿದ್ದು ಸಂದು ಸ್ಪಷ್ಟವಾಗುತ್ತದೆ. ನಡುಹಗಲಿನಲ್ಲಿ ಪ್ರತಿ ಕಲ್ಲಿನ ನೆತ್ತಿ ಬೆಳ್ಳಗೆ ಸುಟ್ಟು, ಅದರ ನೆರಳು ಕೆಳಗಿನ ಕಲ್ಲನ್ನು ಮುಚ್ಚುತ್ತದೆ. ಮೋಡದ ದಿನ ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ತೂಕ ಕಾಣುವುದಿಲ್ಲ. ಪಾಚಿ, ಕಲ್ಲುಹೂ ಇರುವ ಕಲ್ಲುಗಳಿಗೆ ಮಾತ್ರ ನಾವು ಮೋಡವನ್ನು ಆರಿಸುತ್ತೇವೆ.

ಎದುರುಬೆಳಕನ್ನು ಬಿಟ್ಟುಬಿಡಬೇಡಿ. ದುಂಡುಕಲ್ಲುಗಳು ಮೂರೇ ಬಿಂದುಗಳಲ್ಲಿ ತಾಗಿ ಕೂತಿದ್ದಾಗ ಅವುಗಳ ನಡುವೆ ಉಳಿಯುವ ಸಣ್ಣ ಕಿಂಡಿಯಲ್ಲಿ ಬೆಳಕು ತೂರಿ ಬರುವುದು ಎದುರುಬೆಳಕಿನಲ್ಲೇ. ಶಿಲ್ಪ ಎಷ್ಟು ಕಡಿಮೆ ಆಧಾರದ ಮೇಲೆ ನಿಂತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಚಪ್ಪಟೆ ಕಲ್ಲುಗಳ ಪೇರಿಕೆಗೆ ಇದು ಒಗ್ಗದು. ಕಿಂಡಿಯಿಲ್ಲದ್ದರಿಂದ ನೀವು ಹೇಳಿದ ಹಾಗೆ ಕಪ್ಪು ಕಂಬವೇ ಆಗುತ್ತದೆ. ಅಂಥದ್ದಕ್ಕೆ ಪಕ್ಕದ ಬೆಳಕಿಗೇ ಹೋಗಿ.

ಕಿಂಡಿಯಲ್ಲಿ ಸೂರ್ಯನನ್ನೇ ಕೂರಿಸಬೇಕೆಂದಿದ್ದರೆ ಸಮಯ ಬಹಳ ಕಡಿಮೆ. ಸೂರ್ಯ ತನ್ನ ಅಗಲದಷ್ಟು ದೂರವನ್ನು ಸುಮಾರು 2 ನಿಮಿಷದಲ್ಲಿ ಸರಿಯುತ್ತಾನೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್/16 ಇಡಿ, ಕಿರಣಗಳು ನಕ್ಷತ್ರದಂತೆ ಒಡೆಯುತ್ತವೆ. ಅಪರ್ಚರಿನ ಅಲಗುಗಳು ಸಮಸಂಖ್ಯೆಯಲ್ಲಿದ್ದರೆ ಅಷ್ಟೇ ಕಿರಣ, ಬೆಸವಾಗಿದ್ದರೆ ಅದರ ಎರಡರಷ್ಟು. ಸೂರ್ಯ ಪೂರ್ತಿ ಕಾಣುವುದಕ್ಕಿಂತ ಕಲ್ಲಂಚಿನಲ್ಲಿ ಅರ್ಧ ಮರೆಯಾದಾಗ ಕಿರಣ ಚೊಕ್ಕಟವಾಗಿ ಬರುತ್ತದೆ. ದೃಶ್ಯದರ್ಶಕದ ಮೂಲಕ ನೇರ ಸೂರ್ಯನನ್ನು ನೋಡಬೇಡಿ, ಹಿಂದಿನ ಪರದೆಯಲ್ಲಿ ಹೊಂದಿಸಿ. ಲೆನ್ಸಿನ ಮೇಲೆ ಒಂದೇ ಒಂದು ಹನಿ ಅಥವಾ ಧೂಳಿನ ಕಣವಿದ್ದರೂ ಇಲ್ಲಿ ಎದ್ದು ಕಾಣುತ್ತದೆ. ಕಡಲ ಬಳಿ ಪ್ರತಿ ನಾಲ್ಕೈದು ಚಿತ್ರಕ್ಕೊಮ್ಮೆ ಒರೆಸಿ.

ಪ್ರಶ್ನೆ: ಕರಿಕಲ್ಲು ಬೂದು ಬಣ್ಣವಾಗಿಯೂ ಬಿಳಿಗಲ್ಲು ಕೂಡ ಬೂದು ಬಣ್ಣವಾಗಿಯೂ ಬರುತ್ತದೆ. ಏಕೆ?

ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕರಿಕಲ್ಲು ಚೌಕಟ್ಟು ತುಂಬಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು (ಕ್ಯಾಮೆರಾ ಆರಿಸಿದ ಬೆಳಕನ್ನು ಹೆಚ್ಚು–ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ರಿಂದ 1 ಸ್ಟಾಪಿಗೆ ಇಳಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು. ಬಿಳಿಗಲ್ಲಿಗೆ ಅಷ್ಟೇ ಏರಿಸಿ. ಕಲ್ಲು ಚಿಕ್ಕದಾಗಿದ್ದು ಆಕಾಶ ಹೆಚ್ಚಿದ್ದರೆ ಈ ಲೆಕ್ಕ ನಡೆಯದು. ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆ ತೋರುವ ನಕ್ಷೆ) ನೋಡಿ, ಆಕಾಶ ಬಿಳಿಯ ಬಲತುದಿಗೆ ತಾಗದಂತೆ ಇಟ್ಟು, ಕ್ಯಾಮೆರಾ ಸಂಸ್ಕರಿಸದ ರಾ ಕಡತದಲ್ಲಿ ನೆರಳಿನ ಭಾಗವನ್ನು ಆಮೇಲೆ ಬೆಳಗಿಸಿಕೊಳ್ಳಿ. ಅದಕ್ಕೂ ಮೀರಿದ ವ್ಯತ್ಯಾಸವಿದ್ದರೆ 2 ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದು ಸೇರಿಸಬೇಕು.

ಒದ್ದೆ ಕಲ್ಲಿನ ಹೊಳಪಿಗೆ ಪೋಲರೈಸರ್ ಎಂಬ, ಪ್ರತಿಫಲನ ತಗ್ಗಿಸುವ ತಿರುಗುವ ಫಿಲ್ಟರ್ ಮದ್ದು. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಪೂರ್ತಿ ತಿರುಗಿಸಿ ಹೊಳಪನ್ನೆಲ್ಲ ಅಳಿಸಿದರೆ ಕಲ್ಲು ಒಣಗಿದಂತೆ, ಸತ್ತಂತೆ ಕಾಣುತ್ತದೆ. ಸ್ವಲ್ಪ ಹೊಳಪು ಉಳಿಯಲಿ. 24 ಮಿ.ಮೀ.ಗಿಂತ ಅಗಲದ ಲೆನ್ಸಿನಲ್ಲಿ ನೀಲಿ ಆಕಾಶ ಒಂದು ಕಡೆ ಮಾತ್ರ ಗಾಢವಾಗಿ ಕಲೆಯಂತೆ ಬರುತ್ತದೆ, ಅಲ್ಲಿ ಬೇಡ.

ಪ್ರಶ್ನೆ: ಶಿಲ್ಪವೂ ಹಿಂದಿನ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಿ ಬರಲು ಫೋಕಸ್ ಎಲ್ಲಿಡಬೇಕು?

ಫುಲ್‌ಫ್ರೇಂ ಕ್ಯಾಮೆರಾದಲ್ಲಿ (ಸೆನ್ಸರ್ 36×24 ಮಿ.ಮೀ.) 24 ಮಿ.ಮೀ., ಎಫ್/11 ಇಟ್ಟು 1.8 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 0.9 ಮೀಟರಿನಿಂದ ಅನಂತದವರೆಗೆ ಸ್ಪಷ್ಟ ಎಂದು ಪಟ್ಟಿಗಳು ಹೇಳುತ್ತವೆ. ಲೆಕ್ಕ ಸರಿಯೇ. ಆದರೆ ಶಿಲ್ಪ ಒಂದು ಮೀಟರಿನಲ್ಲಿದ್ದರೆ ಅದು ಆ ವಲಯದ ಅಂಚಿನಲ್ಲಿ, ‘ಪರವಾಗಿಲ್ಲ’ ಎನ್ನುವಷ್ಟೇ ಸ್ಪಷ್ಟ. ಕಲ್ಲಿನ ಹರಳು ದೊಡ್ಡ ಪ್ರಿಂಟಿನಲ್ಲಿ ಮೆತ್ತಗಾಗುತ್ತದೆ. ಎಫ್/22ಕ್ಕೆ ಹೋದರೆ ಕಿರಿದಾದ ತೂತಿನಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಎಲ್ಲವೂ ಮೆತ್ತಗೆ. ನಮ್ಮ ಸಲಹೆ: ಟ್ರೈಪಾಡ್ ಕದಲಿಸದೆ ಎಫ್/8ರಲ್ಲಿ ಒಂದು ಚಿತ್ರ ಶಿಲ್ಪದ ಮುಂಭಾಗದ ಸಂದಿಗೆ, ಒಂದೆರಡು ನಡುವಿನ ನೆಲಕ್ಕೆ, ಒಂದು ಬೆಟ್ಟಕ್ಕೆ ಫೋಕಸ್ ಮಾಡಿ ತೆಗೆದು ಸೇರಿಸಿ. ಸೇರಿಸುವಾಗ ಕೆಡುವುದು ಶಿಲ್ಪದ ಅಂಚು. ಬೆಟ್ಟಕ್ಕೆ ಫೋಕಸ್ ಮಾಡಿದ ಚಿತ್ರದಲ್ಲಿ ಶಿಲ್ಪ ಉಬ್ಬಿ ಮಸುಕಾಗಿರುವುದರಿಂದ ಅಂಚಿನ ಸುತ್ತ ತೆಳು ಮಬ್ಬು ಉಳಿಯುತ್ತದೆ. ಅದನ್ನು ಕೈಯಿಂದಲೇ ಬಿಡಿಸಬೇಕು. ಗಾಳಿಗೆ ಹುಲ್ಲು ಅಲ್ಲಾಡುತ್ತಿದ್ದರೆ ಈ ದಾರಿಯೇ ಬೇಡ, ಹಿಂದೆ ಸರಿದು ಒಂದೇ ಚಿತ್ರದಲ್ಲಿ ಮುಗಿಸಿ.

ದೂರದಿಂದ ತೆಗೆಯುವಾಗ ಇಷ್ಟು ಕಷ್ಟವಿಲ್ಲ. 100 ಮಿ.ಮೀ., 4 ಮೀಟರ್, ಎಫ್/8 ಎಂದರೆ ಮುಕ್ಕಾಲು ಮೀಟರಿನಷ್ಟು ಆಳ ಸ್ಪಷ್ಟವಾಗಿರುತ್ತದೆ. ಶಿಲ್ಪಕ್ಕೆ ಅಷ್ಟು ಸಾಕು, ಬೆಟ್ಟ ಮೃದುವಾಗಿ ಹಿಂದೆ ಉಳಿಯುತ್ತದೆ.

ಪ್ರಶ್ನೆ: ನೀರಿನ ನಡುವೆ ನಿಂತ ಶಿಲ್ಪಕ್ಕೆ ಎಷ್ಟು ಸೆಕೆಂಡ್ ಎಕ್ಸ್‌ಪೋಶರ್?

ಅರ್ಧ ಸೆಕೆಂಡಿನ ಆಸುಪಾಸು ನಮಗೆ ಹಿಡಿಸುತ್ತದೆ. ಅಲೆ ಹಿಂದೆ ಸರಿಯುವಾಗ ಶಿಲ್ಪದ ಬುಡದಲ್ಲಿ ನೀರಿನ ಎಳೆಗಳು ಉಳಿಯುತ್ತವೆ. 30 ಸೆಕೆಂಡಿನಲ್ಲಿ ನೀರು ಮಂಜಾಗುತ್ತದೆ, ಶಿಲ್ಪ ಎದುರಿಸಿ ನಿಂತಿರುವ ಹರಿವೇ ಚಿತ್ರದಿಂದ ಮಾಯವಾಗುತ್ತದೆ. ಮಂಜೇ ಬೇಕೆಂದರೆ ಬೆಳಕನ್ನು ತಗ್ಗಿಸುವ 10 ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ: 1/30 ಸೆಕೆಂಡ್ ಇದ್ದದ್ದು ಸುಮಾರು 34 ಸೆಕೆಂಡ್ ಆಗುತ್ತದೆ. 6 ಸ್ಟಾಪಿನದಾದರೆ 2 ಸೆಕೆಂಡ್. ಫೋಕಸ್, ಚೌಕಟ್ಟು ಎರಡನ್ನೂ ಫಿಲ್ಟರ್ ಹಾಕುವ ಮೊದಲೇ ಮುಗಿಸಿ ಫೋಕಸನ್ನು ಮ್ಯಾನುಯಲ್‌ಗೆ ತಿರುಗಿಸಿ. ಡಿಎಸ್‌ಎಲ್‌ಆರ್ ಆಗಿದ್ದರೆ ದೃಶ್ಯದರ್ಶಕವನ್ನು ಮುಚ್ಚಿ, ಅಲ್ಲಿಂದ ಬೆಳಕು ಸೋರುತ್ತದೆ. ಸ್ಟೆಬಿಲೈಸೇಶನ್ ಆಫ್ ಇರಲಿ, 2 ಸೆಕೆಂಡ್ ಟೈಮರ್ ಇರಲಿ.

ಮರಳಿನ ಮೇಲೆ ಟ್ರೈಪಾಡ್ ಇಟ್ಟರೆ ಪ್ರತಿ ಅಲೆಗೂ ಕಾಲ ಕೆಳಗಿನ ಮರಳು ಕೊಚ್ಚಿ ಒಂದಿಷ್ಟು ಕುಸಿಯುತ್ತದೆ. ಚಿತ್ರ ಅಲುಗಲು ಅಷ್ಟೇ ಸಾಕು. ಕಾಲುಗಳನ್ನು ಮೊದಲೇ ಗಟ್ಟಿಯಾಗಿ ಒತ್ತಿ ಹೂಳಿ, ಸಾಧ್ಯವಾದರೆ ಬಂಡೆಯ ಮೇಲೆ ಇಡಿ. ಉಬ್ಬರದ ವೇಳೆ ತಿಳಿದುಕೊಂಡೇ ಇಳಿಯಿರಿ.

ಪ್ರಶ್ನೆ: ಮೊಬೈಲಿನಲ್ಲಿ ಆಗುತ್ತದೆಯೇ?

ಖಂಡಿತ ಆಗುತ್ತದೆ. ಫೋನನ್ನು ತಲೆಕೆಳಗು ಹಿಡಿದರೆ ಲೆನ್ಸ್ ನೆಲದಿಂದ ಎರಡು ಬೆರಳಿನಷ್ಟೇ ಮೇಲಿರುತ್ತದೆ. ಇದು ದೊಡ್ಡ ಕ್ಯಾಮೆರಾಕ್ಕೆ ಸುಲಭವಲ್ಲದ ಕೋನ. ಪರದೆಯಲ್ಲಿ ಕಾಣುವ ಶಿಲ್ಪದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಆಮೇಲೆ ಬೆಳಕಿನ ಗೆರೆಯನ್ನು ತುಸು ಇಳಿಸಿ. ಫೋನಿನ 0.5 ಎಂಬ ಅಗಲ ಕೋನದ ಲೆನ್ಸಿನಲ್ಲಿ ಶಿಲ್ಪವನ್ನು ಅಂಚಿಗೆ ಇಟ್ಟರೆ ಕಲ್ಲುಗಳು ಹಿಗ್ಗುತ್ತವೆ, ನಡುವಿನಲ್ಲೇ ಇರಲಿ. ಪೋರ್ಟ್ರೇಟ್ ಮೋಡ್ ಬಳಸಬೇಡಿ: ಕಲ್ಲುಗಳ ನಡುವಿನ ಕಿಂಡಿ ಅದಕ್ಕೆ ತಿಳಿಯುವುದಿಲ್ಲ, ಕಿಂಡಿಯೊಳಗಿನ ಹಿನ್ನೆಲೆ ಸ್ಪಷ್ಟವಾಗಿಯೇ ಉಳಿಯುತ್ತದೆ, ಇಲ್ಲವೇ ಕಲ್ಲಿನ ಅಂಚೇ ಮಸುಕಾಗುತ್ತದೆ.

ಪ್ರಶ್ನೆ: ಫೋಟೊಗಾಗಿ ನಾವೇ ಕಲ್ಲು ಪೇರಿಸಬಹುದೇ? ಅದು ತಪ್ಪು ಎಂದು ಕೆಲವರು ಹೇಳುತ್ತಾರೆ.

ಎಲ್ಲಿಂದ ಕಲ್ಲು ಎತ್ತುತ್ತೀರಿ, ಆಮೇಲೆ ಏನು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಹೊಳೆಯ ತಳದ ಕಲ್ಲುಗಳ ಅಡಿಯಲ್ಲಿ ಜಲಕೀಟಗಳ ಮರಿಗಳು ಬದುಕುತ್ತವೆ, ಕೆಲವು ಮೀನುಗಳು ಅಲ್ಲೇ ಮೊಟ್ಟೆಯಿಡುತ್ತವೆ. ಅಮೆರಿಕದ ಹೆಲ್‌ಬೆಂಡರ್ ಎಂಬ ದೊಡ್ಡ ಸಾಲಮಾಂಡರ್ ದೊಡ್ಡ ಚಪ್ಪಟೆ ಕಲ್ಲುಗಳ ಕೆಳಗೇ ಮೊಟ್ಟೆಯಿಡುವುದು. ಕಲ್ಲು ಎತ್ತಿದರೆ ಅವಕ್ಕೆ ಮನೆಯೇ ಹೋಯಿತು. ಕಲ್ಲುಹೂ ಹತ್ತಿದ ಕಲ್ಲನ್ನೂ ಮುಟ್ಟಬೇಡಿ. ಹಲವು ಜಾತಿಯ ಕಲ್ಲುಹೂಗಳು ವರ್ಷಕ್ಕೆ ಒಂದು ಮಿ.ಮೀ. ಕೂಡ ಬೆಳೆಯುವುದಿಲ್ಲ. ಹಳೆಯ ಗೋಡೆ, ಸಮಾಧಿ, ಸ್ಮಾರಕಗಳ ಕಲ್ಲಂತೂ ದೂರವೇ ಇರಲಿ.

ಚಾರಣದ ದಾರಿಗಳಲ್ಲಿ ಪೇರಿಸಿದ ಕಲ್ಲೆಂದರೆ ಗುರುತು. ಅಮೆರಿಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನದಲ್ಲಿ ಅಲ್ಲಿನ ಚಾರಣದಾರಿಗಳನ್ನು ಕಟ್ಟಿಸಿದ ವಾಲ್ಡ್ರನ್ ಬೇಟ್ಸ್ ರೂಪಿಸಿದ ಮಾದರಿಯ ಗುರುತುಗಳಿವೆ: ಕೆಳಗೆ ಎರಡು ಕಾಲುಗಲ್ಲು, ಮೇಲೊಂದು ಅಡ್ಡಗಲ್ಲು, ಅದರ ಮೇಲೆ ದಾರಿ ತೋರುವ ಚಿಕ್ಕ ಕಲ್ಲು. ಮಂಜು ಕವಿದಾಗ ನಡೆಯುವವರು ಅವನ್ನೇ ನಂಬುತ್ತಾರೆ. ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರ ಇನುಕ್ಷುಕ್ ಕೂಡ ದಾರಿಗೆ, ಬೇಟೆಗೆ ನೆಲೆಗುರುತು. 1999ರಲ್ಲಿ ಬಂದ, ಉತ್ತರ ಕೆನಡಾದ ನುನಾವುಟ್‌ನ ಧ್ವಜದಲ್ಲಿ ಅದರ ಚಿತ್ರವಿದೆ. ಅಂಥವುಗಳ ಫೋಟೊ ತೆಗೆಯಿರಿ, ಒಂದು ಕಲ್ಲನ್ನೂ ಕೂಡಿಸಬೇಡಿ, ತೆಗೆಯಬೇಡಿ. ಅವುಗಳ ಬಳಿ ನಿಮ್ಮದೊಂದನ್ನು ಕಟ್ಟಿದರೆ ಯಾರೋ ದಾರಿ ತಪ್ಪುತ್ತಾರೆ.

ಹಾಗಾದರೆ ಉಳಿದದ್ದು? ನೀರಿನ ಗೆರೆಗಿಂತ ಮೇಲೆ, ಒಣ ಜಾಗದಲ್ಲಿ, ಸಡಿಲವಾಗಿ ಬಿದ್ದ ಕಲ್ಲುಗಳು, ಅದೂ ಅಲ್ಲಿನ ನಿಯಮ ಅದನ್ನು ಬಿಡುವುದಾದರೆ. ಒರಟು ಮೈಯವು ಬೇಗ ಕೂರುತ್ತವೆ. ಕೆಳಗಿನ ಕಲ್ಲಿನಲ್ಲಿ ಸಣ್ಣ ತಗ್ಗು ಹುಡುಕಿ, ಮೇಲಿನ ಕಲ್ಲನ್ನು ಅದರ ಮೇಲಿಟ್ಟು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ಮೂರು ಬಿಂದುಗಳು ತಾಗಿದಾಗ ‘ಟಿಕ್’ ಎಂದು ಸಣ್ಣ ತಡೆ ಕೈಗೆ ತಿಳಿಯುತ್ತದೆ. ಎರಡೇ ಬಿಂದು ತಾಗಿದ್ದರೆ ಕಲ್ಲು ತೊಟ್ಟಿಲಿನಂತೆ ತೂಗುತ್ತದೆ, ಮತ್ತೆ ತಿರುಗಿಸಬೇಕು. ತಗ್ಗಿನೊಳಗೆ ಮರಳಿನ ಕಣವಿದ್ದರೆ ಊದಿ ತೆಗೆಯಿರಿ, ಅದರ ಮೇಲೆ ಉರುಳಿಯೇ ಕಲ್ಲು ಜಾರುವುದು. ಕೆಲಸ ಮುಗಿದ ಮೇಲೆ ಮೇಲಿನಿಂದ ಒಂದೊಂದಾಗಿ ಇಳಿಸಿ, ಪ್ರತಿ ಕಲ್ಲನ್ನೂ ಎತ್ತಿದ ಜಾಗದಲ್ಲೇ, ನೆಲಕ್ಕಿದ್ದ ಮುಖ ನೆಲಕ್ಕೇ ಬರುವಂತೆ ಇಡಿ. ಅದಕ್ಕಾಗಿ ಎತ್ತುವ ಮೊದಲೇ ಜಾಗದ ಒಂದು ಫೋಟೊ ತೆಗೆದಿರಿ.

ಯಾರು ಕಟ್ಟಿದ್ದೇ ಆಗಲಿ, ಶಿಲ್ಪದ ಎತ್ತರಕ್ಕಿಂತ ಹೆಚ್ಚು ದೂರ ಬಿಟ್ಟೇ ಕೂರಿ. ಇಳಿಜಾರಿನಲ್ಲಿ ಕೆಳಬದಿಗೆ ಯಾವತ್ತೂ ಬೇಡ. ಹೆಜ್ಜೆಯ ಅದುರಿಗೂ ಕಲ್ಲು ಜಾರುತ್ತದೆ.

ಪ್ರಶ್ನೆ: ಗೆಳತಿಯೊಬ್ಬಳು ಇಂಥ ಶಿಲ್ಪ ಮಾಡುತ್ತಾಳೆ. ಬಿದ್ದುಹೋಗುವ ಮೊದಲು ದಾಖಲಿಸಬೇಕು. ಏನೇನು ತೆಗೆಯಲಿ?

ಬ್ರಿಟನ್ನಿನ ಕಲಾವಿದ ರಿಚರ್ಡ್ ಲಾಂಗ್ 1975ರಲ್ಲಿ ಹಿಮಾಲಯದಲ್ಲಿ ಜೋಡಿಸಿದ ಕಲ್ಲಿನ ಸಾಲನ್ನು ಜಗತ್ತು ನೋಡಿರುವುದು ಫೋಟೊದಲ್ಲೇ. ಅದೇ ದೇಶದ ಶಿಲ್ಪಿ ಆ್ಯಂಡಿ ಗೋಲ್ಡ್ಸ್‌ವರ್ದಿ ತಮ್ಮ ಬೇಗ ಅಳಿಯುವ ಕೃತಿಗಳನ್ನು ತಾವೇ ಫೋಟೊ ತೆಗೆದು ಉಳಿಸಿಕೊಂಡವರು. ನಿಮ್ಮ ಕೆಲಸ ಆ ಸಾಲಿನದ್ದು, ಹಾಗಾಗಿ ಒಂದು ಚಂದದ ಚಿತ್ರ ಸಾಲದು.

ಶಿಲ್ಪವನ್ನು ನಡುವಿಟ್ಟು, ಒಂದೇ ದೂರ, ಒಂದೇ ಎತ್ತರ, ಒಂದೇ ಲೆನ್ಸಿನಲ್ಲಿ 45 ಡಿಗ್ರಿಗೊಂದರಂತೆ ಎಂಟು ಚಿತ್ರ ತೆಗೆಯಿರಿ. ಲೆನ್ಸ್ ಎತ್ತರ ಶಿಲ್ಪದ ನಡುಮಟ್ಟಕ್ಕಿರಲಿ, 50 ಮಿ.ಮೀ. ಅಥವಾ ಹೆಚ್ಚಿನದು ಇರಲಿ. ಆಮೇಲೆ ಪ್ರತಿ ಸಂದನ್ನೂ ಹತ್ತಿರದಿಂದ, ಕನಿಷ್ಠ ಎರಡು ಬದಿಗಳಿಂದ. ಒಂದು ಚಿತ್ರದಲ್ಲಾದರೂ ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ. ಕಟ್ಟುವಾಗಿನ ಚಿತ್ರಗಳು ಬೇಕಿದ್ದರೆ ಟ್ರೈಪಾಡ್ ಕದಲಿಸದೆ ಒಂದೊಂದು ಕಲ್ಲು ಏರಿದಾಗಲೂ ಒಂದೊಂದು ತೆಗೆಯಿರಿ, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡೂ ಮ್ಯಾನುಯಲ್ ಇರಲಿ. ಬೀಳುವ ಕ್ಷಣ ಹಿಡಿಯುವ ಆಸೆಯಿದ್ದರೆ 1/1000 ಸೆಕೆಂಡ್ ಮತ್ತು ಸತತ ಶೂಟಿಂಗ್.

ಪ್ರಕಟಿಸುವಾಗ ಆಕೆಯ ಒಪ್ಪಿಗೆ ಪಡೆದು ಹೆಸರು ಹಾಕಿ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇಟ್ಟ ಶಿಲ್ಪಗಳ ಫೋಟೊಕ್ಕೆ ಹಲವು ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ. ಅಮೆರಿಕದಲ್ಲಿ ಅದು ಕಟ್ಟಡಗಳಿಗಷ್ಟೇ ಇದೆ. ಸಂಜೆಯೊಳಗೆ ಬೀಳುವ ಪೇರಿಕೆಯನ್ನು ಶಾಶ್ವತ ಎನ್ನುವುದು ಹೇಗೂ ಕಷ್ಟ, ಆದ್ದರಿಂದ ಒಪ್ಪಿಗೆಯನ್ನು ಬರಹದಲ್ಲೇ ಪಡೆದುಕೊಳ್ಳಿ.